ಕಾಲಿಗೆ ತಾಗಿಲ್ಲ

ನನ್ನ ಗಂಡನಿಗೆ ಹಾಕಿ ಮೈದಾನದಲ್ಲಿ ಮೊದಲ ಹಸಿರು ಕಾರ್ಡು ತೋರಿಸಿದವಳು ನಾನೇ. ಆಗಿನ್ನೂ ಅವರು ನನ್ನ ಗಂಡ ಆಗಿರಲಿಲ್ಲ. ಹಳದಿ ಕಾರ್ಡು ತೋರಿಸಿ ಹೊರಗೆ ಕೂರಿಸಿದಾಗಲೂ ಆಗಿರಲಿಲ್ಲ. ಕೆಂಪು ಕಾರ್ಡಿನ ಹೊತ್ತಿಗೆ ಮದುವೆಯ ಮಾತುಕತೆ ಶುರುವಾಗಿತ್ತು. ಮನೆಯವರು ಏನಂದುಕೊಂಡಾರು ಎಂದು ಅದೊಂದನ್ನು ಬಿಟ್ಟೆ.

ಆಟ ಗೊತ್ತಿಲ್ಲದವರಿಗಾಗಿ ಒಂದು ಮಾತು ಹೇಳಿಬಿಡುತ್ತೇನೆ. ಹಾಕಿಯಲ್ಲಿ ಚೆಂಡು ಕೋಲಿಗೆ ಮಾತ್ರ ತಾಗಬೇಕು. ಗೋಲು ಕಾಯುವವರನ್ನು ಬಿಟ್ಟು ಬೇರೆ ಯಾರ ಕಾಲಿಗೆ ತಾಗಿದರೂ ತಪ್ಪು, ಅಂಪೈರ್ ಸೀಟಿ ಊದಬೇಕು. ನಿಯಮ ಇಷ್ಟು ಸಣ್ಣದು. ಆದರೆ ಮೈದಾನದಲ್ಲಿ ನಡೆಯುವ ಮುಕ್ಕಾಲು ಪಾಲು ಜಗಳ ಇದರ ಹೊಟ್ಟೆಯಿಂದಲೇ ಹುಟ್ಟುತ್ತದೆ.

ನಮ್ಮ ಮನೆಯವರು ಬಸ್ ಸಂಸ್ಥೆಯ ಗಂಡಸರ ತಂಡದಲ್ಲಿ ಎಡಬದಿಯ ಮುನ್ನಡೆ ಆಟಗಾರ. ಕಾಗದದ ಮೇಲೆ ಟಿಕೆಟ್ ಪರೀಕ್ಷಕರು. ಒಂದು ಟಿಕೆಟ್ಟನ್ನೂ ಪರೀಕ್ಷಿಸಿದವರಲ್ಲ. ಚೆಂಡು ಅವರ ಕೋಲಿಗೆ ಅಂಟಿಕೊಂಡು ಬರುತ್ತಿದ್ದ ಚಂದಕ್ಕೆ ಜನ ‘ಬೆಣ್ಣೆ’ ಎಂದು ಕರೆಯುತ್ತಿದ್ದರು. ಎದುರಾಳಿಗಳ ನಡುವಿನಿಂದ ಚೆಂಡನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದುಬಿಡುತ್ತಾರೆ ಎಂದು ಪತ್ರಿಕೆಗಳೂ ಹೊಗಳುತ್ತಿದ್ದವು. ಹೇಗೆ ತೆಗೆಯುತ್ತಾರೆ ಎಂದು ಯಾರೂ ಬಗ್ಗಿ ನೋಡಿರಲಿಲ್ಲ. ಮೈಯನ್ನು ಅಂಪೈರಿಗೆ ಅಡ್ಡ ತಿರುಗಿಸಿ, ಎಡಗಾಲಿನ ಒಳಬದಿಯಿಂದ ಚೆಂಡಿಗೆ ಒಂದು ಸಣ್ಣ ತಟ್ಟು ತಟ್ಟಿ ಮತ್ತೆ ಕೋಲಿಗೆ ತಂದುಕೊಳ್ಳುವುದು. ಬೆಣ್ಣೆಯ ಗುಟ್ಟು ಇದು. ಎಲ್ಲರೂ ಅವರ ಕೈ ನೋಡಿ ಬಾಯಿ ಬಿಟ್ಟುಕೊಂಡಿರುವಾಗ ಕೆಲಸವೆಲ್ಲ ಕಾಲಿನಲ್ಲಿ ಮುಗಿದಿರುತ್ತಿತ್ತು.

ನನ್ನ ಹೊಟ್ಟೆಪಾಡು ತೂಕ ಮತ್ತು ಅಳತೆಯ ಕಚೇರಿಯಲ್ಲಿ. ಅಂಗಡಿ ಅಂಗಡಿ ಸುತ್ತಿ ತಕ್ಕಡಿ ಪರೀಕ್ಷಿಸುವುದು, ತೂಕದ ಕಲ್ಲು ತಿರುಗಿಸಿ ತಳ ನೋಡುವುದು. ತಳ ನೋಡುವ ಚಾಳಿ ಭಾನುವಾರಕ್ಕೂ ಬಿಡಲಿಲ್ಲ. ಅಂಪೈರಾಗಿ ನಿಂತ ಮೊದಲ ವರ್ಷವೇ ಬೆಣ್ಣೆಯ ಎಡಗಾಲು ನನ್ನ ಕಣ್ಣಿಗೆ ಬಿತ್ತು. ಸೀಟಿ ಊದಿದೆ. ಅವರು ಎರಡೂ ಕೈ ಚಾಚಿಕೊಂಡು ಓಡಿ ಬಂದರು.

“ಕಾಲಿಗೆ ತಾಗಿಲ್ಲ ಮೇಡಂ. ಚೆಂಡು ಕೋಲಿನ ಬುಡಕ್ಕೆ ಬಡೀತು, ಅಲ್ಲೊಂದು ಕಲ್ಲಿದೆ ನೋಡಿ, ಬೂದು ಬಣ್ಣದ್ದು, ಆ ಕಲ್ಲಿಗೆ ತಾಗಿ ಈ ಕಡೆ ತಿರುಗ್ತು. ಸದ್ದು ಕೇಳ್ಲಿಲ್ವಾ? ಅದು ಮರದ ಸದ್ದು. ಷೂಗೆ ತಾಗಿದ್ರೆ ಬೇರೆ ಥರ ಕೇಳತ್ತೆ.”

“ಕಲ್ಲೂ ಇಲ್ಲ, ಸದ್ದೂ ಇಲ್ಲ. ಹಿಂದೆ ಹೋಗಿ,” ಎಂದು ಎಚ್ಚರಿಕೆಯ ಹಸಿರು ಕಾರ್ಡು ತೆಗೆದೆ.

ಹೀಗೆ ಎರಡು ಮೂರು ಪಂದ್ಯ ಆದಮೇಲೆ ಒಂದು ಸಂಜೆ ಮೈದಾನದ ಗೇಟಿನ ಹತ್ತಿರ ಕಾದು ನಿಂತಿದ್ದರು. ಜಗಳಕ್ಕೆ ಬಂದಿದ್ದಾರೆ ಅಂದುಕೊಂಡು ಛತ್ರಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. “ಇಷ್ಟು ವರ್ಷ ಆಡಿದೀನಿ. ನನ್ನ ಇಷ್ಟು ಗಮನ ಇಟ್ಟು ಯಾರೂ ನೋಡಿರ್ಲಿಲ್ಲ. ನಮ್ಮಮ್ಮನೂ ನೋಡಿಲ್ಲ,” ಎಂದರು. ಮದುವೆಗೆ ಇದಕ್ಕಿಂತ ಕೆಟ್ಟ ಕಾರಣಗಳನ್ನು ನಾನು ಬಹಳ ಕಡೆ ಕಂಡಿದ್ದೇನೆ. ಒಪ್ಪಿದೆ.

ನಮ್ಮತ್ತೆ ಮದುವೆಯ ಮರುದಿನವೇ ನನ್ನನ್ನು ಅಡುಗೆಮನೆಗೆ ಕರೆದು ಕಿವಿಯಲ್ಲಿ ಹೇಳಿದರು: “ನನ್ನ ಮಗ ಸುಳ್ಳು ಹೇಳೋನಲ್ಲಮ್ಮ. ನಿಜಾನ ಸ್ವಲ್ಪ ಓರೆ ಮಾಡಿ ಇಡ್ತಾನೆ, ಅಷ್ಟೇ.” ಅಂದಿನಿಂದ ಇಂದಿನವರೆಗೆ ಆ ಓರೆಯನ್ನು ನೆಟ್ಟಗೆ ಮಾಡುವುದರಲ್ಲಿ ನನ್ನ ಅರ್ಧ ಆಯುಸ್ಸು ಕಳೆದಿದೆ. ನಮ್ಮ ಮಗಳು ಅಪ್ಪ ಅಮ್ಮನ ಈ ಪಂದ್ಯ ನೋಡಿ ನೋಡಿ ಸಾಕಾಗಿ ಬ್ಯಾಡ್ಮಿಂಟನ್ ಕಲಿತಳು.

ಮದುವೆಯಾದ ಮೇಲೆ ಅವರು ಆಡುವ ಪಂದ್ಯಕ್ಕೆ ನಾನು ಅಂಪೈರಾಗಿ ನಿಲ್ಲಬಾರದೆಂದು ಒಕ್ಕೂಟದವರು ಹೇಳಿದರು. ನ್ಯಾಯವೇ. ನನ್ನ ಕಣ್ಣು ತಪ್ಪಿದ ಸಂತೋಷದಲ್ಲಿ ನಮ್ಮ ಮನೆಯವರು ಇನ್ನೂ ಕೆಲವು ವರ್ಷ ಗೋಲಿನ ಮೇಲೆ ಗೋಲು ಹೊಡೆದರು. ಆಮೇಲೆ ಮಂಡಿ ಕೈ ಕೊಟ್ಟಿತು. ಡಾಕ್ಟರು ಎಡಮಂಡಿಯ ಚಿತ್ರವನ್ನು ಬೆಳಕಿಗೆ ಹಿಡಿದು, “ಹಾಕಿ ಆಡೋರಿಗೆ ಸಾಮಾನ್ಯವಾಗಿ ಬಲಗಾಲು ಸವೆಯತ್ತೆ. ಇದೇನು, ಫುಟ್‌ಬಾಲ್ ಆಡ್ತಿದ್ರಾ?” ಎಂದು ಕೇಳಿದರು. ನಾನು ಕೆಮ್ಮಿದೆ.

ಆಟ ನಿಂತ ಮೇಲೆ ಡಿಪೋದ ಮ್ಯಾನೇಜರು ಅವರ ಮುಂದೆ ಎರಡು ದಾರಿ ಇಟ್ಟರು. ಒಂದು, ಟೈರ್ ವಿಭಾಗದಲ್ಲಿ ಕೂತು ಹಳೆಯ ಟೈರಿಗೆ ನಂಬರು ಬರೆಯುವುದು. ಇನ್ನೊಂದು, ಹೊಸದಾಗಿ ಕಟ್ಟಿದ ಹೆಂಗಸರ ತಂಡಕ್ಕೆ ಕೋಚ್ ಆಗುವುದು. ಕೋಚ್ ಕೆಲಸ ತಾತ್ಕಾಲಿಕ. ತಂಡ ಎರಡನೇ ದರ್ಜೆಯಿಂದ ಮೊದಲ ದರ್ಜೆಗೆ ಏರಿದರೆ ಕಾಯಂ, ಇಲ್ಲದಿದ್ದರೆ ಟೈರು. ಟೈರ್ ವಿಭಾಗ ಅಂದರೆ ಕಿಟಕಿ ಇಲ್ಲದ ಉದ್ದನೆಯ ಷೆಡ್ಡು. ಒಳಗೆ ಹೋದವರ ಮುಖ ಮೂರೇ ತಿಂಗಳಲ್ಲಿ ರಬ್ಬರಿನ ಬಣ್ಣಕ್ಕೆ ತಿರುಗುತ್ತದೆ. ನಮ್ಮ ಮನೆಯವರು ಬಿಸಿಲು, ಗಾಳಿ, ಚಪ್ಪಾಳೆ ಇಲ್ಲದೆ ಬದುಕುವ ಜೀವವೇ ಅಲ್ಲ. ಆ ಷೆಡ್ಡಿನ ಹೆಸರು ಎತ್ತಿದರೆ ಅನ್ನದ ತಟ್ಟೆ ಸರಿಸಿ ಏಳುತ್ತಿದ್ದರು.

ತಂಡವೋ, ದೇವರಿಗೇ ಪ್ರೀತಿ. ಕಂಡಕ್ಟರುಗಳು, ಇಬ್ಬರು ಡ್ರೈವರುಗಳು, ಟಿಕೆಟ್ ಕೌಂಟರಿನವರು. ಗೋಲು ಕಾಯುವುದಕ್ಕೆ ಮೆಕ್ಯಾನಿಕ್ ಹೆಂಗಸು. ಬಸ್ಸನ್ನೇ ಎತ್ತಿಬಿಡುವ ಹಾಗಿದ್ದ ಆಕೆಯನ್ನು ಎಲ್ಲರೂ ಜಾಕಿ ಅನ್ನುತ್ತಿದ್ದರು. ಮುಂದಿನ ಸಾಲಿನಲ್ಲಿ ಒಬ್ಬಳು ಹೊಸ ಕಂಡಕ್ಟರ್ ಹುಡುಗಿ. ಚೀಲದಲ್ಲಿ ಯಾವಾಗಲೂ ಬಿಡಿ ಕಾಸು ಇಟ್ಟುಕೊಂಡು ಕೊನೆಯ ಪೈಸೆವರೆಗೂ ಎಣಿಸಿ ಕೊಡುತ್ತಿದ್ದುದರಿಂದ ಅವಳ ಹೆಸರು ಚಿಲ್ಲರೆ. ಗಾಳಿಗೆ ತೂರಿ ಹೋಗುವಂಥ ಮೈ, ಆದರೆ ಓಡಿದರೆ ಹಿಡಿಯುವವರಿಲ್ಲ. ಬಸ್ಸುಗಳೆಲ್ಲ ಹೊರಗೆ ಹೋದ ಮೇಲೆ ಖಾಲಿಯಾಗುವ ಅಂಗಳವೇ ಅವರ ಅಭ್ಯಾಸದ ಮೈದಾನ. ನೆಲದ ತುಂಬ ಎಣ್ಣೆಯ ಕಲೆ. ಬಸ್ಸು ತೊಳೆಯುವ ಕಡೆಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಗೋಲು. ಚೆಂಡು ಜೋರಾಗಿ ಬಡಿದರೆ ಒಳಗಿನ ಕೆಲಸಗಾರರು ಇಣುಕಿ ಬೈಯುತ್ತಿದ್ದರು.

ಪಂದ್ಯಗಳ ಮೊದಲ ಋತುವಿನಲ್ಲಿ ಅವರು ಸೋಲದ ಪಂದ್ಯವೇ ಇಲ್ಲ. ನಮ್ಮ ಮನೆಯವರು ಹುಡುಗಿಯರಿಗೆ ತಮ್ಮ ಎಡಗಾಲಿನ ವಿದ್ಯೆ ಕಲಿಸಲು ನೋಡಿದರು. ಅದು ಬರುವುದಕ್ಕೆ ಹುಟ್ಟಾ ಕಳ್ಳತನ ಬೇಕು. ಇವರು ಕಾಲು ಮುಂದಿಡುವ ಮೊದಲೇ ಮುಖ ಕೆಂಪಾಗಿಸಿಕೊಂಡು ಅಂಪೈರಿನ ಕಡೆ ನೋಡುತ್ತಿದ್ದರು. ಪಂದ್ಯ ಪಂದ್ಯಕ್ಕೂ ಸಿಕ್ಕಿಬಿದ್ದರು.

ಎರಡನೇ ಋತುವಿನಲ್ಲಿ ವಿಚಿತ್ರವೊಂದು ನಡೆಯತೊಡಗಿತು. ಬೇರೆ ಅಂಪೈರುಗಳು ನನ್ನನ್ನು ಕಂಡಾಗಲೆಲ್ಲ ಹೊಗಳಲು ಶುರುಮಾಡಿದರು. “ನಿಮ್ಮ ಯಜಮಾನ್ರ ತಂಡ ಅಪರಂಜಿ ಕಣ್ರೀ. ನಮಗೆ ಕಾಣದೇ ಇದ್ರೂ ಅವರೇ ಕೈ ಎತ್ತಿ, ಕಾಲಿಗೆ ತಾಗ್ತು ಅಂತ ಒಪ್ಪಿಕೊಳ್ತಾರೆ. ಇಂಥ ಆಟಗಾರ್ತಿಯರನ್ನ ನಾವು ನೋಡೇ ಇರ್ಲಿಲ್ಲ.” ಹೊಗಳಿಕೆ ಕೇಳಿ ನನಗೆ ಅನುಮಾನ ಶುರುವಾಯಿತು. ನನ್ನ ಗಂಡ ಸತ್ಯ ಕಲಿಸುತ್ತಿದ್ದಾರೆ ಅಂದರೆ ಕಳ್ಳ ತೂಕದ ಕಲ್ಲಿನ ಹಾಗೆ ಅದರ ತಳದಲ್ಲಿ ಸೀಸ ಇರಲೇಬೇಕು.

ತಳ ನೋಡುವ ಅವಕಾಶ ತಾನಾಗಿ ಬಂತು. ಡಿಪೋದ ಪಾರ್ಸೆಲ್ ಕೌಂಟರಿನ ತೂಕದ ಯಂತ್ರ ಪರೀಕ್ಷಿಸಲು ನನ್ನನ್ನೇ ಕಳಿಸಿದರು. ಯಂತ್ರದ ಮೇಲೆ ಕಲ್ಲು ಇಟ್ಟು ಮುಳ್ಳು ನೋಡುತ್ತಿದ್ದೆ. ಗೋಡೆಯ ಆಚೆ, ಬಸ್ಸು ತೊಳೆಯುವ ಕಡೆಯಿಂದ, ನಮ್ಮ ಮನೆಯವರ ದನಿ ಕೇಳಿಸಿತು.

“ನಮ್ಮ ಅರ್ಧದಲ್ಲಿ, ನಡುಮೈದಾನದಲ್ಲಿ, ಎಲ್ಲಿ ನಷ್ಟ ಇಲ್ವೋ ಅಲ್ಲಿ, ಚೆಂಡು ಕಾಲಿನ ಹತ್ತಿರ ಬಂದ್ರೆ ಸಾಕು, ಕೈ ಎತ್ತಿ. ತಾಗ್ತೋ ಇಲ್ವೋ ಯೋಚನೆ ಮಾಡ್ಬೇಡಿ. ಯೋಚನೆ ಮಾಡಿದ್ರೆ ಮುಖದಲ್ಲಿ ಕಾಣತ್ತೆ. ಕೈ ತಾನಾಗೇ ಮೇಲೆ ಹೋಗ್ಬೇಕು. ಅಂಪೈರುಗಳು ನಿಮ್ಮನ್ನ ಹರಿಶ್ಚಂದ್ರನ ವಂಶದವರು ಅಂತ ನಂಬ್ಬೇಕು. ಆಮೇಲೆ ಕೊನೇ ಪಂದ್ಯದಲ್ಲಿ, ಗೋಲಿನ ಮುಂದೆ, ಒಂದೇ ಒಂದು ಸಲ ಕಾಲು ಉಪಯೋಗಿಸ್ತೀವಿ. ಆವಾಗ ಕೈ ಎತ್ತೋದಿಲ್ಲ. ಕೈ ಎತ್ಲಿಲ್ಲ ಅಂದ್ಮೇಲೆ ತಾಗಿಲ್ಲ ಅಂತ ಅವರೇ ಗೋಲು ಕೊಡ್ತಾರೆ.”

“ಸರ್, ಅದು ಮೋಸ ಅಲ್ವಾ?” ಚಿಲ್ಲರೆಯ ದನಿ.

“ಋತು ಪೂರ್ತಿ ನಿಜ, ಕೊನೇಲಿ ಒಂದು ಸುಳ್ಳು. ತೂಗಿ ನೋಡಿದ್ರೆ ನಾವೇ ಧರ್ಮಾತ್ಮರು ಕಣಮ್ಮ.”

ನನ್ನ ಕೈಯಲ್ಲಿದ್ದ ಕಲ್ಲು ಯಂತ್ರದ ಮೇಲೆ ದಡಾರನೆ ಬಿತ್ತು. ಸಂಜೆ ಮನೆಗೆ ಬಂದವರಿಗೆ ಚಹಾ ಕೊಡುವ ಮೊದಲೇ ಹಿಡಿದುಕೊಂಡೆ.

“ಆನೆ ಕದ್ದರೂ ಕಳ್ಳ, ಅಡಿಕೆ ಕದ್ದರೂ ಕಳ್ಳ. ಒಂದು ಸುಳ್ಳು ಅಂತೆ ಒಂದು.”

“ಗೋಡೆಗೂ ಕಿವಿ ಇರತ್ತೆ ಅಂತಾರೆ. ಆ ಕಿವಿ ನಿಂದೇ ಅಂತ ಗೊತ್ತಿರ್ಲಿಲ್ಲ,” ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, “ನೀನು ಆ ಟೈರ್ ಷೆಡ್ಡಿನೊಳಗೆ ಹೋಗಿ ನೋಡಿದೀಯಾ?” ಎಂದರು. ನಾನು ನೋಡಿದ್ದೆ. ಮಾತು ಬೆಳೆಸಲಿಲ್ಲ. ಇನ್ನೂ ನಡೆಯದ ತಪ್ಪಿಗೆ ಯಾವ ಅಂಪೈರೂ ಸೀಟಿ ಊದುವಂತಿಲ್ಲ. ನಿಜ ಹೇಳುವವರನ್ನು ನಂಬಬೇಡಿ ಎಂದು ನನ್ನ ಸಹೋದ್ಯೋಗಿಗಳಿಗೆ ಹೇಳುವುದಾದರೂ ಹೇಗೆ?

ತಂಡ ಗೆಲ್ಲುತ್ತ ಹೋಯಿತು. ನಿಜ ಹೇಳಿದ್ದರಿಂದ ಅಲ್ಲ. ಕೋಲಿನಲ್ಲೇ ಆಡಬೇಕಾಗಿ ಬಂದದ್ದರಿಂದ ಅವರಿಗೆ ಕೋಲಿನ ಆಟ ಬಂದುಬಿಟ್ಟಿತು. ಇದು ನಮ್ಮ ಮನೆಯವರ ಗಮನಕ್ಕೇ ಬರಲಿಲ್ಲ. ಅವರ ಲಕ್ಷ್ಯವೆಲ್ಲ ಕೊನೆಯ ಪಂದ್ಯದ ಆ ಒಂದು ಸುಳ್ಳಿನ ಮೇಲಿತ್ತು.

ಈ ನಡುವೆ ಕೈ ಎತ್ತುವ ರೋಗ ಮೈದಾನ ದಾಟಿ ಬಸ್ಸು ಹತ್ತಿತು. ಚಿಲ್ಲರೆ ಒಂದು ದಿನ ತುಂಬಿದ ಬಸ್ಸಿನಲ್ಲಿ ಕೈ ಎತ್ತಿ, “ನೀಲಿ ಅಂಗಿಯವರೇ, ನಿಮಗೆ ಕೊಟ್ಟ ನಾಣ್ಯ ಸವೆದಿತ್ತು, ಗೊತ್ತಿದ್ದೇ ಕೊಟ್ಟೆ, ವಾಪಸ್ ಕೊಡಿ,” ಎಂದಳಂತೆ. ತಂಡದ ಡ್ರೈವರು ಹೆಂಗಸೊಬ್ಬಳು ನಿಲ್ದಾಣವೊಂದನ್ನು ಬಿಟ್ಟು ಮುಂದೆ ಹೋದವಳು ಬಸ್ಸು ನಿಲ್ಲಿಸಿ, ಎದ್ದು ನಿಂತು, ತಪ್ಪು ನನ್ನದು ಎಂದು ಘೋಷಿಸಿದಳಂತೆ. ಜಾಕಿ ಸೀದಾ ಮ್ಯಾನೇಜರ ಕೋಣೆಗೆ ಹೋಗಿ, ಬೋಲ್ಟು ಬಿಗಿ ಮಾಡಿದ್ದೇನೋ ಇಲ್ಲವೋ ನೆನಪಿಲ್ಲ, ಆ ಬಸ್ಸು ವಾಪಸ್ ಕರೆಸಿ ಎಂದಳು. ಕರೆಸಿ ನೋಡಿದರೆ ಬೋಲ್ಟು ಬಿಗಿಯಾಗಿಯೇ ಇತ್ತು. ಕುಂಬಳಕಾಯಿ ಕಳ್ಳ ಅಂದರೆ ಕದ್ದವನು ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವರು ಕದಿಯದೆಯೂ ಮುಟ್ಟಿ ನೋಡಿಕೊಳ್ಳುವ ಸ್ಥಿತಿಗೆ ಬಂದಿದ್ದರು. ಡಿಪೋದ ಗಂಡಸರು ಈ ಹೆಂಗಸರು ಬಂದರೆ ಮಾತು ನಿಲ್ಲಿಸುತ್ತಿದ್ದರು.

ಕೊನೆಯ ಪಂದ್ಯ ಬಂತು. ಎದುರಾಳಿ ನೀರು ಸರಬರಾಜಿನವರ ತಂಡ. ಗೆದ್ದರೆ ಮೊದಲ ದರ್ಜೆ. ಸೋತರೂ ಅಷ್ಟೇ, ಸಮ ಆದರೂ ಅಷ್ಟೇ, ಟೈರು. ನಾನು ಪ್ರೇಕ್ಷಕಿಯಾಗಿ ಮೆಟ್ಟಿಲ ಮೇಲೆ ಕೂತಿದ್ದೆ. ಆಟ ಶುರುವಾಗುವ ಹೊತ್ತಾದರೂ ಇಬ್ಬರು ಅಂಪೈರುಗಳಲ್ಲಿ ಒಬ್ಬರ ಪತ್ತೆಯಿಲ್ಲ. ವಿಚಾರಿಸಿದರೆ ಅವರು ಹತ್ತಿದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತು. ಬಸ್ಸು ನಮ್ಮ ಡಿಪೋದ್ದೇ. ಮಾಡಿದ್ದುಣ್ಣೋ ಮಹರಾಯ.

ಒಕ್ಕೂಟದವರು ನನ್ನ ಕಡೆ ನೋಡಿದರು. “ನಾನು ನಿಲ್ಲೋ ಹಾಗಿಲ್ಲ. ಆ ಕಡೆ ಕೋಚ್ ನಮ್ಮನೆಯವರು,” ಎಂದೆ. ನೀರಿನವರ ಕೋಚ್ ಹಿಂದೆ ನಮ್ಮ ಮನೆಯವರ ಎದುರು ಆಡಿದವರು, ಅವರ ಎಡಗಾಲನ್ನು ಬಲ್ಲವರು. ಅವರು ಗಹಗಹಿಸಿ ನಕ್ಕರು. “ಅವನ ಹೆಂಡ್ತಿಯೇ ನಿಲ್ಲಲಿ ಸ್ವಾಮಿ. ನಮಗೆ ಅದಕ್ಕಿಂತ ಒಳ್ಳೇದು ಬೇರೆ ಏನಿದೆ?” ನಮ್ಮ ಮನೆಯವರು ಮಾತ್ರ ನಗಲಿಲ್ಲ. ನಾನು ಪರ್ಸಿನಿಂದ ಸೀಟಿ ತೆಗೆದು ಕೊರಳಿಗೆ ಹಾಕಿಕೊಳ್ಳುವುದನ್ನು ಹಸಿದವನು ಅನ್ನ ಚೆಲ್ಲಿದ್ದನ್ನು ನೋಡುವ ಹಾಗೆ ನೋಡಿದರು.

ಆಟ ಚೆನ್ನಾಗಿತ್ತು. ಚೆನ್ನಾಗಿತ್ತು ಎಂದು ಹೇಳಲು ನನಗೆ ಈಗಲೂ ಹೆಮ್ಮೆ. ಹುಡುಗಿಯರು ಕೋಲಿನಲ್ಲೇ ಆಡಿದರು. ನಡುಮೈದಾನದಲ್ಲಿ ಆಗಾಗ ಒಂದೊಂದು ಕೈ ಮೇಲೇಳುತ್ತಿತ್ತು, ನಾನು ಸೀಟಿ ಊದುತ್ತಿದ್ದೆ. ನೀರಿನವರು ಒಂದು ಗೋಲು ಹೊಡೆದರು, ನಮ್ಮವರು ಒಂದು ಹೊಡೆದರು. ಕೊನೆಯ ಕೆಲವು ನಿಮಿಷ ಉಳಿದಾಗ ನಾನು ನೀರಿನವರ ಗೋಲಿನ ಕಡೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಿಂತೆ. ಆ ಒಂದು ಸುಳ್ಳು ಬರುವುದಾದರೆ ಇಲ್ಲೇ, ಈಗಲೇ ಬರಬೇಕಿತ್ತು.

ಬಂತು ಅಂದುಕೊಂಡೆ. ಬಲಗಡೆಯಿಂದ ಚೆಂಡು ನುಗ್ಗಿ ಬಂತು, ಚಿಲ್ಲರೆ ಗೋಲಿನ ಮುಂದೆ ಸುಂಟರಗಾಳಿಯಂತೆ ತಿರುಗಿದಳು. ಸರಿಯಾಗಿ ಅದೇ ಕ್ಷಣದಲ್ಲಿ ನೀರಿನವರ ದಪ್ಪನೆಯ ಆಟಗಾರ್ತಿಯೊಬ್ಬಳು ನನಗೂ ಅವಳ ಕಾಲಿಗೂ ನಡುವೆ ಬಂದಳು. ನನಗೆ ಕಂಡದ್ದು ಕೋಲಿನ ತುದಿ ಮತ್ತು ಬಲೆಯೊಳಗೆ ಬಿದ್ದ ಚೆಂಡು. ಕಾಲು ಕಾಣಲಿಲ್ಲ. ಕಾಣದಿದ್ದ ಮೇಲೆ ಗೋಲು ಕೊಡಬೇಕು. ಕೊಟ್ಟೆ. ನನ್ನ ಕೈ ಮೈದಾನದ ನಡುವಿನ ಕಡೆ ತೋರಿಸುತ್ತಿದ್ದಂತೆಯೇ ಡಿಪೋದವರ ಕೂಗು ಮುಗಿಲು ಮುಟ್ಟಿತು.

ಆಗ ಚಿಲ್ಲರೆಯ ಕೈ ಮೇಲೆ ಹೋಯಿತು.

ಯಾರೂ ಕೇಳಿರಲಿಲ್ಲ. ಕುಣಿಯುತ್ತಿದ್ದ ಗೆಳತಿಯರ ನಡುವೆ ಅವಳೊಬ್ಬಳು ತರಗತಿಯಲ್ಲಿ ಕೈ ಎತ್ತುವ ಹಾಗೆ ಕೈ ಎತ್ತಿ ನಿಂತಿದ್ದಳು. ತನ್ನ ಕೈಯನ್ನು ತಾನೇ ನೋಡುತ್ತಿದ್ದಳು. “ಕಾಲಿಗೆ… ತಾಗಿತ್ತು ಮೇಡಂ,” ಎಂದಳು.

ನನಗೆ ಒಳಗೊಳಗೇ ಎಂಥ ನಗು ಬಂತೆಂದು ಹೇಳಲಾರೆ. ತಾವು ತೋಡಿದ ಹಳ್ಳಕ್ಕೆ ತಾವೇ ಬಿದ್ದರಲ್ಲ ಎಂದು ಹಿಗ್ಗಿದೆ. ಋತು ಪೂರ್ತಿ ಕೈ ಎತ್ತಿ ಎತ್ತಿ ಅಭ್ಯಾಸವಾದ ಹುಡುಗಿ, ಎತ್ತಬಾರದ ಹೊತ್ತಿನಲ್ಲೂ ಎತ್ತಿಬಿಟ್ಟಿದ್ದಳು. ನಮ್ಮ ಮನೆಯವರು ಬೆಂಚಿನಿಂದೆದ್ದು ಗೆರೆಯವರೆಗೆ ಕುಂಟುತ್ತ ಬಂದರು. ಅವರು ಕೂತ ಜಾಗದಿಂದ ಗೋಲಿನ ಮುಂಭಾಗ ನೇರ ಕಾಣುತ್ತಿತ್ತು.

“ಕಾಲಿಗೆ ತಾಗಿಲ್ಲ,” ಎಂದರು.

ಈ ಎರಡು ಪದಗಳನ್ನು ನಾನು ಹುಡುಗಿಯಾಗಿದ್ದಾಗಿನಿಂದ ಕೇಳಿದ್ದೇನೆ. ಒಮ್ಮೆಯೂ ನಿಜವಾಗಿರಲಿಲ್ಲ.

“ಗೆರೆ ಹಿಂದೆ ಹೋಗಿ,” ಎಂದೆ.

“ತಾಗಿಲ್ಲ ಕಣೇ,” ಎಂದರು, ಮೆಲ್ಲಗೆ. ಕೈಗಳು ಮೈಯ ಪಕ್ಕ ಜೋತು ಬಿದ್ದಿದ್ದವು.

ಮೈದಾನದಲ್ಲಿ ಅಂಪೈರನ್ನು ಕಣೇ ಅನ್ನುವಂತಿಲ್ಲ. ಹಸಿರು ಕಾರ್ಡು ತೋರಿಸಿದೆ. ಗೋಲು ರದ್ದು ಮಾಡಿ ಚೆಂಡನ್ನು ನೀರಿನವರಿಗೆ ಕೊಟ್ಟೆ. ಅವರು ಹೊಡೆದ ಚೆಂಡು ಮೈದಾನದ ಆ ತುದಿ ಮುಟ್ಟುವ ಮೊದಲೇ ಆಟ ಮುಗಿದು ಸಮವಾಯಿತು.

ಸೀಟಿ ಕೊರಳಲ್ಲೇ ಇತ್ತು, ಮೆಟ್ಟಿಲ ಕೆಳಗಿನ ಬೆಂಚಿನಲ್ಲಿ ಕೂತು ಷೂ ಬಿಚ್ಚುತ್ತಿದ್ದೆ. ನಾಲ್ಕು ಹೆಜ್ಜೆ ಆಚೆ ಡಿಪೋದ ತಂಡ ಗುಂಪಾಗಿ ನಿಂತಿತ್ತು. ಚಿಲ್ಲರೆಯನ್ನು ಯಾರೂ ಬೈಯುತ್ತಿರಲಿಲ್ಲ. ಬೈದಿದ್ದರೆ ವಾಸಿಯಿತ್ತು. ಎಲ್ಲರೂ ಅವಳಿಗೆ ಬೆನ್ನು ಕೊಟ್ಟು ತಂತಮ್ಮ ಚೀಲ ಕಟ್ಟುತ್ತಿದ್ದರು. ಜಾಕಿ ಕೂಡ.

ಮ್ಯಾನೇಜರು ಬಂದರು. ಅವರಿಗೆ ಹಾಕಿ ಗೊತ್ತಿಲ್ಲ, ನ್ಯಾಯ ಗೊತ್ತು ಎಂದು ಅವರ ನಂಬಿಕೆ. ನಮ್ಮ ಮನೆಯವರ ಭುಜದ ಮೇಲೆ ಕೈಯಿಟ್ಟರು.

“ನೀವು ತಾಗಿಲ್ಲ ಅಂದದ್ದು ನನಗೆ ಅಲ್ಲಿವರೆಗೂ ಕೇಳಿಸ್ತು. ನೋಡಿ, ಅಂಪೈರ್ ನಿಮ್ಮ ಮನೆಯವರು ಅಂತ ಸಂಕೋಚ ಬೇಡ. ಅನ್ಯಾಯ ಆಗಿದ್ರೆ ನಾನೇ ಒಕ್ಕೂಟಕ್ಕೆ ದೂರು ಕೊಡ್ತೀನಿ. ಅವರು ಪಂದ್ಯ ಮತ್ತೆ ಆಡಿಸ್ಲಿ. ಅಲ್ಲಿವರೆಗೆ ನೀವೇ ಕೋಚ್. ನಿಮಗೆ ಎದುರಿಗೇ ಕಾಣ್ತಿತ್ತಲ್ಲ? ಹೇಳಿ, ತಾಗಿತ್ತಾ ಇಲ್ವಾ?”

ಬೆನ್ನುಗಳೆಲ್ಲ ತಿರುಗಿದವು. ಚಿಲ್ಲರೆ ಮುಂದೆ ಬಂದಳು. ಅತ್ತೂ ಅತ್ತೂ ಮೂಗು ಕೆಂಪಾಗಿತ್ತು.

“ಹೌದು ಸರ್, ನೀವೇ ಹೇಳಿ. ನನಗೆ ಗೊತ್ತಿಲ್ಲ ಸರ್. ಚೆಂಡು ಕಾಲಿನ ಹತ್ತಿರ ಬಂತು, ಕೈ ಹೋಗ್ಬಿಟ್ತು. ತಾಗ್ತೋ ಇಲ್ವೋ ನಿಜವಾಗ್ಲೂ ನನಗೆ ಗೊತ್ತಿಲ್ಲ. ತಾಗಿಲ್ದೇ ಇದ್ರೆ… ಎಲ್ರದ್ದೂ ನಾನೇ ಹಾಳು ಮಾಡ್ದೆ ಅಲ್ವಾ ಸರ್?”

ನಮ್ಮ ಮನೆಯವರು ಅವಳನ್ನು ನೋಡಿದರು. ಅವಳ ಹಿಂದೆ ನಿಂತ ಇಡೀ ತಂಡವನ್ನು ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡರು.

“ತಾಗಿತ್ತು ಸರ್,” ಎಂದರು ಮ್ಯಾನೇಜರಿಗೆ. “ಎಡಗಾಲು. ಲೇಸಿನ ಗಂಟು ಇರತ್ತಲ್ಲ, ಅದರ ಸ್ವಲ್ಪ ಕೆಳಗೆ, ಹೊರಬದಿಗೆ. ಚೆಂಡು ಒಂಚೂರು ಮೇಲೆ ಹಾರ್ತು, ನಾನು ನೋಡ್ದೆ. ಸದ್ದೂ ಕೇಳಿಸ್ತು, ಟಪ್ ಅಂತ. ಕೋಲಿಗೆ ಬಿದ್ರೆ ಬೇರೆ ಥರ ಕೇಳತ್ತೆ. ನಾನು ತಾಗಿಲ್ಲ ಅಂದದ್ದು ಹಳೇ ಚಾಳಿ ಸರ್, ಯಾರನ್ನ ಬೇಕಾದ್ರೂ ಕೇಳಿ. ಈ ಹುಡುಗಿ ಕೈ ಎತ್ತಿದ್ದು ಸರಿ. ಇವಳು ಎತ್ತದೇ ಇದ್ದಿದ್ರೆ ನಾವು ಕಳ್ಳಗೋಲಿನಿಂದ ಗೆದ್ದ ಹಾಗೆ ಆಗ್ತಿತ್ತು.”

ಚಿಲ್ಲರೆಯ ಎದೆಯಿಂದ ಉಸಿರು ಇಳಿದದ್ದು ನನಗೆ ಕೂತಲ್ಲಿಂದಲೇ ಕಾಣಿಸಿತು. ಜಾಕಿ ಬಂದು ಅವಳ ತಲೆಯನ್ನು ತನ್ನ ಕಂಕುಳಿಗೆ ಒತ್ತಿಕೊಂಡಳು. ಇನ್ನೊಬ್ಬಳು ಅವಳ ಚೀಲ ಎತ್ತಿಕೊಂಡಳು.

“ನೀವೇ ಹೀಗಂದ ಮೇಲೆ ನಾನೇನು ಮಾಡ್ಲಿ,” ಎಂದರು ಮ್ಯಾನೇಜರು. “ಸೋಮವಾರ ಟೈರ್ ವಿಭಾಗಕ್ಕೆ ಬಂದ್ಬಿಡಿ.”

ಬಿಚ್ಚಿದ ಷೂ ಕೈಯಲ್ಲೇ ಉಳಿದಿತ್ತು. ಈ ಮನುಷ್ಯನ ಜೊತೆ ಇಷ್ಟು ವರ್ಷ ಸಂಸಾರ ಮಾಡಿದವಳು ನಾನು. ಅವರು ನಿಜ ಹೇಳುವಾಗ ಮಾತು ಎರಡೇ ಪದಕ್ಕೆ ನಿಂತುಹೋಗುತ್ತದೆ, ಮುಂದೆ ಏನು ಹೇಳಬೇಕೆಂದೇ ತೋಚುವುದಿಲ್ಲ. ಲೇಸಿನ ಗಂಟು, ಹೊರಬದಿ, ಟಪ್ ಎಂಬ ಸದ್ದು, ಇಷ್ಟೆಲ್ಲ ಬಂದರೆ ಅದು ಅಪ್ಪಟ ಸುಳ್ಳು. ಚೆಂಡು ಆ ಹುಡುಗಿಯ ಕಾಲಿಗೆ ತಾಗಿರಲಿಲ್ಲ. ಗೋಲು ಗೋಲೇ ಆಗಿತ್ತು. ಗೆರೆಯ ಹತ್ತಿರ ಕೈ ಜೋತು ಬಿಟ್ಟು ನಿಂತವರು ಮೈದಾನದಲ್ಲಿ ತಮ್ಮ ಜೀವಮಾನದಲ್ಲೇ ಮೊದಲ ಸಲ ನಿಜ ಹೇಳಿದ್ದರು, ನಾನು ಕಾರ್ಡು ತೋರಿಸಿದ್ದೆ.

ಎದ್ದು ನಿಂತು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವರ ಕೆಲಸ ಉಳಿಯುತ್ತಿತ್ತು. ಆ ಹುಡುಗಿ ಮಾತ್ರ ಇನ್ನು ಯಾವತ್ತೂ ತಲೆ ಎತ್ತುತ್ತಿರಲಿಲ್ಲ. ನಾನು ತಲೆ ತಗ್ಗಿಸಿ ಇನ್ನೊಂದು ಷೂ ಬಿಚ್ಚಿದೆ. ಬೇಕೆಂದೇ ನಿಧಾನವಾಗಿ ಬಿಚ್ಚಿದೆ. ಕಣ್ಣು ತುಂಬಿ ಲೇಸೂ ಸರಿಯಾಗಿ ಕಾಣುತ್ತಿರಲಿಲ್ಲ.

ಎಲ್ಲರೂ ಹೋದ ಮೇಲೆ ಇಬ್ಬರೂ ಬಸ್ ನಿಲ್ದಾಣದ ಕಡೆ ನಡೆದೆವು. ದಾರಿಯಲ್ಲಿ ಅವರೇ ಮಾತು ತೆಗೆದರು.

“ನಾನು ಹೇಳಿದ್ದು ಸುಳ್ಳು ಅಂತ ನಿನಗೆ ಅಲ್ಲೇ ಗೊತ್ತಾಯ್ತಲ್ಲ.”

“ನನಗೇನೂ ಕಾಣ್ಲಿಲ್ಲ,” ಎಂದೆ. “ಕಾಣದ್ದಕ್ಕೆ ನಾನು ಸೀಟಿ ಊದಲ್ಲ.”

“ಇವತ್ತು ಊದಿದೆಯಲ್ಲ.”

“ಅದಕ್ಕೇ ಇನ್ಮೇಲೆ ಊದಲ್ಲ ಅಂದದ್ದು.”

ಅವರು ತಲೆಯಾಡಿಸಿದರು. ಸ್ವಲ್ಪ ದೂರ ಹೋಗಿ ನಿಂತು, ಕೋಲುಗಳ ಚೀಲವನ್ನು ನನ್ನ ಕೈಗೆ ಕೊಟ್ಟು, “ಮಂಡಿ ನೋಯ್ತಿದೆ,” ಎಂದರು. ಯಾವ ಜಾಗ, ಎಂಥ ನೋವು ಎಂದು ಏನೂ ಹೇಳಲಿಲ್ಲ. ನಾನು ಚೀಲವನ್ನು ಹೆಗಲಿಗೆ ಹಾಕಿಕೊಂಡು, ಇನ್ನೊಂದು ಕೈಯಿಂದ ಅವರ ತೋಳು ಹಿಡಿದುಕೊಂಡೆ.